ಎಂಬತ್ತು ರೆಸ್ಟೋರೆಂಟ್, ಒಬ್ಬ ಅಜ್ಜ, ಬಿಲ್ ಯಾರದ್ದು?

1952ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮತ್ತು ಅದರ ಸುತ್ತಮುತ್ತಲಿನ 80 ರೆಸ್ಟೋರೆಂಟುಗಳು ಸೇರಿ ಒಬ್ಬ ಅಜ್ಜನ 80ನೇ ಹುಟ್ಟುಹಬ್ಬ ಮಾಡಿದವು. ವಯಸ್ಸಿನ ವರ್ಷಕ್ಕೊಂದು ರೆಸ್ಟೋರೆಂಟ್ ಲೆಕ್ಕ. ಒಂದೊಂದರಲ್ಲೂ ಅವನಿಗೆ ಅಂತ ಒಂದು ಜಾಗ ಮೀಸಲಿಟ್ಟು, "ಇದು ಇವರ ಜಾಗ" ಅಂತ ಫಲಕ ಹಾಕಿದರು. ಬದುಕಿರೋವರೆಗೂ ಯಾವಾಗ ಬೇಕಾದ್ರೂ ಬಂದು ಕೂತು ಉಣ್ಣಬಹುದು, ದುಡ್ಡು ಕೊಡೋ ಹಾಗಿಲ್ಲ.

ಈ ಅಜ್ಜ ಬಾಣಸಿಗನಲ್ಲ, ಹೋಟೆಲ್ ಮಾಲೀಕನೂ ಅಲ್ಲ. ಊಟದ ಬಗ್ಗೆ ಬರೆಯುತ್ತಿದ್ದ, ಅಷ್ಟೆ. ಹೆಸರು ಕುರ್ನೊನ್ಸ್ಕಿ. ಅದೂ ಕಾವ್ಯನಾಮ. 1872ರಲ್ಲಿ ಆಂಜೆ ಪಟ್ಟಣದಲ್ಲಿ ಹುಟ್ಟಿದ ಈತನ ನಿಜ ಹೆಸರು ಮೊರೀಸ್ ಎಡ್ಮಂಡ್ ಸಾಯಾಂ. ಆಗ ಫ್ರಾನ್ಸಿನಲ್ಲಿ ರಷ್ಯಾದ್ದೆಲ್ಲಾ ಫ್ಯಾಷನ್. ಲ್ಯಾಟಿನ್ನಿನಲ್ಲಿ "ಕುರ್ ನೊನ್" ಅಂದ್ರೆ "ಯಾಕಾಗಬಾರದು?" ಅಂತ. ಅದಕ್ಕೊಂದು "ಸ್ಕಿ" ಅಂಟಿಸಿಕೊಂಡು ಹೆಸರು ಮಾಡಿಕೊಂಡ. ನಮ್ಮ ಹಾಸ್ಟೆಲಿನಲ್ಲಿ ಇದ್ದಿದ್ದರೆ ಚೆನ್ನಾಗಿ ಹೊಂದಿಕೊಳ್ಳುತ್ತಿದ್ದ ಅನ್ಸುತ್ತೆ.

1921ರಿಂದ ಮಾರ್ಸೆಲ್ ರೂಫ್ ಎಂಬ ಗೆಳೆಯನ ಜೊತೆ ಸೇರಿ ಈತ ಫ್ರಾನ್ಸಿನ ಒಂದೊಂದು ಪ್ರಾಂತ್ಯದ ಊಟದ ಬಗ್ಗೆಯೂ ಒಂದೊಂದು ಪುಸ್ತಕ ಹೊರತರಲು ಶುರು ಮಾಡಿದ. ಅವು ಇಪ್ಪತ್ತಕ್ಕೂ ಹೆಚ್ಚು ಸಂಪುಟಗಳಾದವು. ದೊಡ್ಡ ಹೋಟೆಲಿನ ಆಡಂಬರದ ಅಡುಗೆಯಷ್ಟೇ ಮರ್ಯಾದೆ ಹಳ್ಳಿ ಖಾನಾವಳಿಯ ಅಡುಗೆಗೂ ಸಿಗಬೇಕು ಅನ್ನೋದು ಅವನ ವಾದ. 1927ರಲ್ಲಿ ಮತ ಹಾಕಿಸಿ ಅವನನ್ನು "ಭೋಜನಪ್ರಿಯರ ರಾಜಕುಮಾರ" ಅಂತ ಆರಿಸಿದರು.

ಇಲ್ಲಿ ನನ್ನ ತಕರಾರು ಶುರುವಾಗುತ್ತೆ. ಊಟದ ಬಗ್ಗೆ ತೀರ್ಪು ಕೊಡೋನಿಗೆ ಹೋಟೆಲಿನವರೇ ಪುಕ್ಕಟೆ ಊಟ ಹಾಕೋದು ಸರೀನಾ?

ಇದು ಫ್ರಾನ್ಸಿನಲ್ಲಿ ಹೊಸ ಪ್ರಶ್ನೆ ಅಲ್ಲ. ಅವನಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಗ್ರಿಮೊ ದ ಲಾ ರೆನಿಯೇರ್ ಅಂತ ಒಬ್ಬನಿದ್ದ. 1803ರಿಂದ 1812ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಅವನ "ಆಲ್ಮನಾಕ್ ದೆ ಗೂರ್ಮಾಂ" ಪ್ಯಾರಿಸ್ಸಿನ ಅಂಗಡಿ, ಬೇಕರಿ, ಹೋಟೆಲುಗಳ ಗುಣದೋಷ ಹೇಳುತ್ತಿತ್ತು. ಇವತ್ತಿನ ಫುಡ್ ರಿವ್ಯೂಗೆ ಇವನೇ ಮೂಲಪುರುಷ ಅನ್ನಬಹುದು. ರುಚಿ ನೋಡೋದಕ್ಕೆ ಅಂತ ಒಂದು ಮಂಡಳಿಯನ್ನೂ ಕಟ್ಟಿದ್ದ. ವ್ಯಾಪಾರಿಗಳು ತಮ್ಮ ತಿಂಡಿ ತೀರ್ಥ ಕಳಿಸಬೇಕು, ಮಂಡಳಿ ತಿಂದು ತೀರ್ಪು ಕೊಡಬೇಕು, ತೀರ್ಪು ಅಚ್ಚಾಗಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಕಳಿಸಿದವನಿಗೆ ಹೊಗಳಿಕೆ, ಕಳಿಸದವನಿಗೆ ಮೌನ ಅನ್ನೋ ಅನುಮಾನ ಇದರಲ್ಲೇ ಇದೆ. ಪಕ್ಷಪಾತದ ಆರೋಪ ಬಂದೇ ಬಂತು.

ಮಿಶೆಲಿನ್ ಗೈಡ್ ಬೇರೆ ದಾರಿ ಹಿಡಿಯಿತು. 1900ರಲ್ಲಿ ಟೈರ್ ಕಂಪನಿ ಪುಕ್ಕಟೆ ಹಂಚಿದ ಪುಸ್ತಕ ಅದು; 1920ರಲ್ಲಿ ಅದಕ್ಕೆ ಬೆಲೆ ಇಟ್ಟರು, 1926ರಲ್ಲಿ ನಕ್ಷತ್ರ ಕೊಡಲು ಶುರು ಮಾಡಿದರು. ಇನ್‌ಸ್ಪೆಕ್ಟರ್ ಹೆಸರು ಹೇಳದೆ ಬರ್ತಾನೆ, ಉಣ್ತಾನೆ, ಬಿಲ್ ಕಟ್ಟಿ ಹೋಗ್ತಾನೆ. ಅದರಲ್ಲೂ ಸ್ವಾರ್ಥ ಇಲ್ಲದಿಲ್ಲ: ಜನ ಊಟಕ್ಕೆ ಅಂತ ದೂರ ಹೋದಷ್ಟೂ ಟೈರ್ ಸವೆಯುತ್ತೆ. ಆದರೆ ಯಾವ ಹೋಟೆಲಿಗೆ ಹೋದರೂ ಸವೆಯೋದು ಅಷ್ಟೇ. ಹಾಗಾಗಿ ತೀರ್ಪು ಬಾಗೋದಕ್ಕೆ ಕಾರಣ ಕಮ್ಮಿ.

ಹಾಗಾದ್ರೆ ಕುರ್ನೊನ್ಸ್ಕಿಗೆ ಮಾಡಿದ ಸನ್ಮಾನ ತಪ್ಪಾ? ನನಗೆ ಹಾಗನ್ನಿಸಲ್ಲ. ಗ್ರಿಮೊ ವಿಷಯದಲ್ಲಿ ತಟ್ಟೆ ಮೊದಲು ಬಂತು, ಬರಹ ಆಮೇಲೆ. ಕುರ್ನೊನ್ಸ್ಕಿಯ ದೊಡ್ಡ ಕೆಲಸ ಮುಗಿದು ಇಪ್ಪತ್ತು ವರ್ಷ ದಾಟಿದ ಮೇಲೆ ತಟ್ಟೆ ಬಂತು. ಅದು ಋಣ ತೀರಿಸಿದ್ದು. ಅವನು 1956ರಲ್ಲಿ ತೀರಿಕೊಂಡ. ಆ ಜಾಗಗಳು ಅವನಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೂ ಕಮ್ಮಿ. ಆದರೂ ಆಮೇಲೆ ಆ ಎಂಬತ್ತರಲ್ಲಿ ಯಾವುದರ ಬಗ್ಗೆಯಾದರೂ ಅವನು ಹೊಗಳಿ ಬರೆದಿದ್ದರೆ, ನಾನಂತೂ ಅದನ್ನು ಅನುಮಾನದಿಂದಲೇ ಓದುತ್ತೇನೆ. ಅವನು ಕೆಟ್ಟವನು ಅಂತಲ್ಲ. ಉಂಡ ಮನೆಯ ಬಗ್ಗೆ ಕೆಟ್ಟದು ಹೇಳೋದು ಯಾರಿಗೂ ಕಷ್ಟ. ಲ್ಯಾಬಿನಲ್ಲಿ ಅಳೆಯೋ ಮೀಟರೇ ಸರ್ಕ್ಯೂಟಿನಿಂದ ಕರೆಂಟ್ ಎಳೆದರೆ ರೀಡಿಂಗ್ ಕೆಡುತ್ತೆ ಅಂತ ನಮಗೆ ಮೊದಲ ವರ್ಷವೇ ಹೇಳಿಕೊಡ್ತಾರಲ್ಲ, ಅದೇ ಕತೆ.

ಈಗ ನಮ್ಮ ಫೋನಿಗೆ ಬನ್ನಿ. "ಗುರು, ಈ ಜಾಗ ಮಿಸ್ ಮಾಡ್ಕೋಬೇಡಿ" ಅನ್ನೋ ರೀಲ್ಸ್ ದಿನಾ ನೋಡ್ತೀವಿ. ದೋಸೆ ಎಲ್ಲಾ ಕಡೆ ಗರಿಗರಿ, ಬಿರಿಯಾನಿ ಎಲ್ಲಾ ಕಡೆ ಬೆಂಕಿ. ಬಿಲ್ ಯಾರು ಕೊಟ್ಟರು ಅಂತ ಮಾತ್ರ ಯಾರೂ ಹೇಳಲ್ಲ. ನಷ್ಟ ಬರೀ ನಮ್ಮ ಇನ್ನೂರು ರೂಪಾಯಿಯದ್ದಲ್ಲ. ಪುಕ್ಕಟೆ ತಟ್ಟೆ ಕೊಡೋ ತಾಕತ್ತಿರೋ ಹೋಟೆಲ್ ಮಾತ್ರ ಕಾಣುತ್ತೆ. ಬೆಳಗ್ಗೆ ಐದಕ್ಕೆ ಎದ್ದು ತಟ್ಟೆ ಇಡ್ಲಿ ಬೇಯಿಸೋ ಗಾಡಿಯವರು ಕಾಣೋದೇ ಇಲ್ಲ. ಕುರ್ನೊನ್ಸ್ಕಿ ಊರೂರು ತಿರುಗಿದ್ದು ಅಂಥವರನ್ನು ಕಾಣಿಸೋದಕ್ಕೇ.

"ಸ್ಟೂಡೆಂಟ್ ಹತ್ರ ದುಡ್ಡೆಲ್ಲಿದೆ, ಕೊಲ್ಯಾಬ್ ಇಲ್ದೆ ರಿವ್ಯೂ ಹೇಗೆ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ನಾವು ದಿನಾ ದುಡ್ಡು ಕೊಟ್ಟು ತಿನ್ನೋ ಊಟ ಇದೆಯಲ್ಲ: ಮೆಸ್ಸು, ಕ್ಯಾಂಟೀನು, ಗೇಟಿನ ಹೊರಗಿನ ಗಾಡಿ. ಅದರ ಬಗ್ಗೆ ಬರೆಯೋಕೆ ಹೊಸದಾಗಿ ಒಂದು ರೂಪಾಯಿನೂ ಬೇಡ. ಹಾಗಾಗಿ ನಮ್ಮ ಪತ್ರಿಕೆಯಲ್ಲಿ ಊಟದ ಅಂಕಣ ಶುರು ಮಾಡೋಣ, ಮೂರೇ ನಿಯಮ ಇಟ್ಟುಕೊಂಡು. ಬರೆಯೋರೇ ಬಿಲ್ ಕೊಡಬೇಕು. ಯಾರಾದರೂ ಪುಕ್ಕಟೆ ಕೊಟ್ಟಿದ್ದರೆ ಮೊದಲ ಸಾಲಿನಲ್ಲೇ ಹೇಳಬೇಕು. ಕನಿಷ್ಠ ಮೂರು ಸಲ ತಿನ್ನದೆ ಬರೆಯಬಾರದು.

ನಾಲ್ಕು ವರ್ಷ ಹಾಗೆ ಬರೆದವರಿಗೆ ಫೇರ್‌ವೆಲ್ ದಿನ ಕ್ಯಾಂಟೀನಿನವರು ಪ್ರೀತಿಯಿಂದ ಒಂದು ಮಸಾಲೆ ದೋಸೆ ಕೊಟ್ಟರೆ, ಧಾರಾಳವಾಗಿ ತಿನ್ನಲಿ.