ಎಡಿಸನ್ ಬ್ಯಾಟರಿಗೆ ನಮ್ಮಲ್ಲೂ ಕೆಲಸವಿದೆ
ಥಾಮಸ್ ಎಡಿಸನ್ 1901ರಲ್ಲಿ ಪೇಟೆಂಟ್ ಪಡೆದ ನಿಕ್ಕಲ್–ಕಬ್ಬಿಣದ ಬ್ಯಾಟರಿ ಅಮೆರಿಕದ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರುಗಳನ್ನು ಓಡಿಸಿತ್ತು. ಪೆಟ್ರೋಲ್ ಕಾರು ಅಗ್ಗವಾದಾಗ ಈ ಬ್ಯಾಟರಿ ಮೂಲೆ ಸೇರಿತು. ಭಾರ ಹೆಚ್ಚು, ಚಾರ್ಜ್ ನಿಧಾನ, ಸುಮ್ಮನಿದ್ದರೂ ಶಕ್ತಿ ಸೋರುತ್ತದೆ. ಬಾಳಿಕೆ ಮಾತ್ರ ದಶಕಗಟ್ಟಲೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಗ್ರಾಫೀನ್ ಬಳಸಿ ಅದನ್ನು ನಿಮಿಷಗಳಲ್ಲೇ ಚಾರ್ಜ್ ಆಗುವಂತೆ ಮಾಡಿದರು.

ಕಾರಿಗೆ ಅದರ ತೂಕ ಇನ್ನೂ ತೊಡಕೇ. ಸಬ್‌ಸ್ಟೇಷನ್ ಮಗ್ಗುಲಲ್ಲಿ ಇಡುವುದಕ್ಕೆ ತೂಕ ಯಾವ ಲೆಕ್ಕ? ಗೌರಿಬಿದನೂರು ತಾಲ್ಲೂಕಿನಲ್ಲಿ 2025ರ ಜೂನ್‌ನಲ್ಲಿ ಉದ್ಘಾಟನೆಯಾದ ಕೇಂದ್ರದ ಕುಸುಮ್-ಸಿ ಯೋಜನೆಯ ಸೌರ ಘಟಕ ಪಂಪ್‌ಸೆಟ್‌ಗಳಿಗೆ ಹಗಲು ಕರೆಂಟು ಕೊಡುತ್ತದೆ. ಅದೇ ಜಿಲ್ಲೆಯ ಚಿಂತಾಮಣಿಯ ಮನೆಗಳಿಗೆ ಬೇಕಿರುವುದು ಸಂಜೆಯ ಕರೆಂಟು; ಹಗಲಿನದನ್ನು ಸಂಜೆಗೆ ಕೂಡಿಡಲು ಬ್ಯಾಟರಿ ಬೇಕು. ಲಿಥಿಯಂಗೆ ಹೊರದೇಶ ನೋಡುವ ನಮ್ಮಲ್ಲಿ, ಬಳ್ಳಾರಿ ಗಣಿಗಳ ದಯೆಯಿಂದ, ಕಬ್ಬಿಣಕ್ಕಂತೂ ಬರವಿಲ್ಲ. ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ಒಂದು ಸೌರ ಘಟಕದ ಪಕ್ಕ ಈ ಬ್ಯಾಟರಿಯನ್ನು ಪ್ರಯೋಗಕ್ಕಿಡಲಿ; ಚಾರ್ಜಿನ ವೇಳೆ ಜಲಜನಕ ಹೊಮ್ಮುವುದರಿಂದ ಗಾಳಿಯಾಡುವ ಶೆಡ್ಡು ಕಡ್ಡಾಯ.