ನೀರಿಗೂ ಕ್ಯಾಲೊರಿ ಹಾಕಿದ ಲೆಕ್ಕ

ಹೋದ ತಿಂಗಳು ಅಮ್ಮ ತುಮಕೂರಿನಿಂದ ಕುಷಾಯಿಗೂಡಕ್ಕೆ ಬಂದಿದ್ದಳು. ಅವಳು ಬಡಿಸಿದ ಮುದ್ದೆಯನ್ನು ತಕ್ಕಡಿಯ ಮೇಲಿಟ್ಟೆ. 300 ಗ್ರಾಂ. ಮೊಬೈಲಿನ ಆ್ಯಪ್‌ನಲ್ಲಿ ‘ರಾಗಿ’ ಹುಡುಕಿ ತುಂಬಿದೆ: 960 ಕ್ಯಾಲೊರಿ! ಅರ್ಧ ಮುರಿದು ವಾಪಸ್ಸು ಕೊಟ್ಟೆ. ಅಮ್ಮ ಏನೂ ಅನ್ನಲಿಲ್ಲ. ಮರುದಿನದಿಂದ ಮುದ್ದೆ ಮಾಡಲೂ ಇಲ್ಲ.

ತಪ್ಪು ನನ್ನದೇ. 100 ಗ್ರಾಂಗೆ ಸುಮಾರು 320 ಕ್ಯಾಲೊರಿ ಎಂಬುದು ಒಣ ರಾಗಿಯ ಲೆಕ್ಕ. ಮುದ್ದೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನೀರು. ನಾನು ನೀರಿಗೂ ಕ್ಯಾಲೊರಿ ಹಾಕಿದ್ದೆ. ನಮ್ಮ ಪಕ್ಕದ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಕೋಷ್ಟಕ ಪ್ರಕಟಿಸಿದೆ. ಅದರಲ್ಲೂ ಬಹುಪಾಲು ಬೇಯಿಸದ ಪದಾರ್ಥಗಳೇ, ಅಮ್ಮನ ಸಾರಲ್ಲ.

ಕ್ಯಾಲೊರಿ ಸುಳ್ಳಲ್ಲ. ಖರ್ಚಿಗಿಂತ ಕಡಿಮೆ ತಿಂದರೆ ತೂಕ ಇಳಿಯುತ್ತದೆ, ಒಪ್ಪಿದೆ. ಆದರೆ ನಾವು ತೂಗುವುದು ಕೈಗೆ ಸಿಗುವ ಮನೆಯೂಟವನ್ನು ಮಾತ್ರ. ಸಂಜೆ ಇಸಿಐಎಲ್ ಕ್ರಾಸ್ ರೋಡ್ಸ್‌ನಲ್ಲಿ ನಿಂತು ತಿನ್ನುವ ಮಿರ್ಚಿ ಬಜ್ಜಿಯನ್ನು ಯಾರು ತೂಗಿದ್ದೀರಿ? ಗ್ರಾಂ ಪಿಷ್ಟಕ್ಕೆ 4 ಕ್ಯಾಲೊರಿಯಾದರೆ, ಬಜ್ಜಿ ಹೀರಿದ ಎಣ್ಣೆಗೆ 9. ಆಫೀಸಿನ ನಾಲ್ಕು ಚಹಾದ ಸಕ್ಕರೆ, ರಾತ್ರಿ ಹನ್ನೊಂದರ ಬಿರಿಯಾನಿ ಯಾವ ಖಾತೆಗೆ ಹೋದವು?

ಗೆಳೆಯರೇ, ಎಣಿಸಲೇಬೇಕೆಂದಿದ್ದರೆ ಎಣ್ಣೆ, ಸಕ್ಕರೆಯಿಂದ ಶುರುಮಾಡಿ. ಮುದ್ದೆಯ ಲೆಕ್ಕ ಬೇಕೇ? ಹಿಟ್ಟನ್ನು ಪಾತ್ರೆಗೆ ಹಾಕುವ ಮೊದಲೇ ತೂಗಿ, ತಟ್ಟೆಗೆ ಬಂದಮೇಲಲ್ಲ. ನಿನ್ನೆ ಅಮ್ಮನಿಗೆ ಫೋನ್ ಮಾಡಿ, ಒಂದು ಲೋಟ ಹಿಟ್ಟಿಗೆ ನೀರೆಷ್ಟು ಎಂದು ಕೇಳಿದೆ. ‘ತಿಂತೀಯೇನೋ?’ ಅಂದಳು.