ಹಿಮದ ಹರಳೂ ನೋಡುವ ಕಣ್ಣೂ

ಸೌಂದರ್ಯವೆಂಬುದು ದೂರದೇಶಗಳಲ್ಲಿಯೋ ಶ್ರೀಮಂತರ ಮಂದಿರಗಳಲ್ಲಿಯೋ ಮಾತ್ರ ಇರತಕ್ಕದ್ದೆಂದು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಭಾವಿಸಿರುವುದನ್ನು ನಾವು ಕಂಡಿದ್ದೇವೆ. ಛಾಯಾಚಿತ್ರ ತೆಗೆಯಿರೆಂದರೆ ಅರಮನೆಯನ್ನೂ ಜಲಪಾತವನ್ನೂ ಹುಡುಕುವರಲ್ಲದೆ, ತಮ್ಮ ಹಿತ್ತಲು ಚಿತ್ರಕ್ಕೆ ತಕ್ಕದ್ದೆಂದು ಎಣಿಸುವವರು ವಿರಳ. ಇದು ಕೇವಲ ಅಭಿರುಚಿಯ ಕೊರತೆಯಲ್ಲ. ತನ್ನ ಮನೆಯ ಸುತ್ತಲಿರುವುದೆಲ್ಲವೂ ಹೀನವೆಂದು ತಿಳಿದವಳು ಕ್ರಮೇಣ ತನ್ನವರನ್ನೂ ತನ್ನನ್ನೂ ಹೀನವೆಂದೇ ತಿಳಿಯುವಳು. ಆದುದರಿಂದ ನೋಡುವುದನ್ನು ಕಲಿಸುವುದೂ ಶಾಲೆಯ ಕರ್ತವ್ಯವೆಂಬುದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಅಮೇರಿಕಾ ದೇಶದ ಒಬ್ಬ ರೈತನ ವೃತ್ತಾಂತವು ನಮಗೆ ಪಾಠವಾಗಿದೆ. ವಿಲ್ಸನ್ ಬೆಂಟ್ಲಿಯು ೧೮೬೫ರಲ್ಲಿ ವರ್ಮಾಂಟ್ ಸಂಸ್ಥಾನದ ಜೆರಿಕೊ ಎಂಬ ಊರಿನಲ್ಲಿ ಜನಿಸಿದನು. ಆ ಸೀಮೆಯಲ್ಲಿ ಚಳಿಗಾಲದ ಹಿಮವು ನಮ್ಮ ಬೇಸಗೆಯ ಧೂಳಿನಷ್ಟೇ ಸಾಮಾನ್ಯವಾದದ್ದು. ದಾರಿಯಿಂದ ಗೋರಿ ಎಸೆಯಬೇಕಾದ ಉಪದ್ರವವೆಂದೇ ಜನರು ಅದನ್ನು ಎಣಿಸುತ್ತಿದ್ದರು. ಅವನ ತಾಯಿಯು ವಿವಾಹಕ್ಕೆ ಮುಂಚೆ ಉಪಾಧ್ಯಾಯಿನಿಯಾಗಿದ್ದವಳು. ಆಕೆಯೇ ಮಗನಿಗೆ ಮನೆಯಲ್ಲಿ ವಿದ್ಯೆ ಕಲಿಸಿ, ತನ್ನ ಹಳೆಯ ಸೂಕ್ಷ್ಮದರ್ಶಕವನ್ನು ಅವನ ಕೈಗಿತ್ತಳು. ಅದರಲ್ಲಿ ಅವನು ಹಿಮದ ಒಂದೊಂದು ಹರಳಿನ ಆರು ಮೂಲೆಯ ವಿನ್ಯಾಸವನ್ನು ಕಂಡು ಬೆರಗಾದನು. ತಂದೆಗೆ ಈ ಹವ್ಯಾಸವು ವ್ಯರ್ಥವೆಂದು ತೋರಿದರೂ ಸೂಕ್ಷ್ಮದರ್ಶಕಕ್ಕೆ ಜೋಡಿಸುವ ಕೆಮರಾವೊಂದು ಮನೆಗೆ ಬಂದಿತು. ೧೮೮೫ರ ಜನವರಿ ೧೫ರಂದು, ಇಪ್ಪತ್ತು ತುಂಬುವ ಮೊದಲೇ, ಅವನು ಹಿಮದ ಹರಳಿನ ತನ್ನ ಮೊದಲನೆಯ ಛಾಯಾಚಿತ್ರವನ್ನು ತೆಗೆದನು.

ಕೆಲಸವು ಸುಲಭವಾದದ್ದಲ್ಲ. ಬೀಳುವ ಹಿಮವನ್ನು ಕಪ್ಪು ಹಲಗೆಯ ಮೇಲೆ ಹಿಡಿದು, ಒಳ್ಳೆಯ ಹರಳೊಂದನ್ನು ಸಣ್ಣ ಕಡ್ಡಿಯಿಂದ ಎತ್ತಿ, ಗಾಜಿನ ಮೇಲಿರಿಸಿ, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಬೇಕು. ಉಸಿರು ತಗುಲಿದರೆ ಅದು ಕರಗಿತು. ಆದುದರಿಂದ ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ ಕೊರೆಯುವ ಚಳಿಯನ್ನು ಸಹಿಸಿ ದುಡಿಯಬೇಕಾಗಿತ್ತು. ಹೀಗೆ ಸುಮಾರು ೪೬ ಚಳಿಗಾಲಗಳಲ್ಲಿ ೫,೦೦೦ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದನು. ಅವುಗಳಲ್ಲಿ ೨,೪೦೦ಕ್ಕೂ ಮಿಕ್ಕಿದವು ೧೯೩೧ರಲ್ಲಿ ಗ್ರಂಥರೂಪವಾಗಿ ಪ್ರಕಟವಾದವು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡನು.

ಪಟ್ಟಣದ ಹಿಮಕ್ಕೂ ಇದೇ ಮಾತು ಸಲ್ಲುತ್ತದೆ. ೧೮೯೩ರ ಫೆಬ್ರವರಿಯಲ್ಲಿ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಎಂಬವರು ನ್ಯೂಯಾರ್ಕಿನ ಬೀದಿಯೊಂದರಲ್ಲಿ ಹಿಮದ ಬಿರುಗಾಳಿಯ ನಡುವೆ, ಕೈಯಲ್ಲಿ ಹಿಡಿಯುವ ಸಣ್ಣ ಕೆಮರಾದೊಡನೆ ಸುಮಾರು ೩ ಗಂಟೆಗಳ ಕಾಲ ಕಾದು ನಿಂತರು. ಅವರಿಗೆ ದೊರೆತದ್ದು ಹಿಮದಲ್ಲಿ ಹೆಣಗುತ್ತ ಬರುವ ಕುದುರೆಬಂಡಿಯ ಚಿತ್ರ. ದಿನವೂ ಜನರು ಕಾಣುತ್ತಿದ್ದ ಬಂಡಿಯೇ ಅದು. ಕಾದು ನಿಂತು ನೋಡಿದವರು ಮಾತ್ರ ಇರಲಿಲ್ಲ.

ಬೆಂಟ್ಲಿಯೊಡನೆ ನಮಗೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವುಂಟು. ಅವನು ಬಹುಮಟ್ಟಿಗೆ ಸರ್ವಾಂಗಸುಂದರವಾದ ಹರಳುಗಳನ್ನೇ ಆರಿಸಿದನು. ಆದರೆ ಬೀಳುವ ಹರಳುಗಳಲ್ಲಿ ಮುರಿದವೂ ವಕ್ರವಾದವೂ ಬಹಳ. ಗಾಳಿಯ ತಂಪೂ ತೇವವೂ ಹರಳಿನ ಆಕಾರವನ್ನು ನಿರ್ಣಯಿಸುತ್ತವೆಂದು ಜಪಾನಿನ ವಿಜ್ಞಾನಿ ನಕಾಯಾರವರು ತೋರಿಸಿಕೊಟ್ಟಿದ್ದಾರೆ. ೧೯೩೬ರಲ್ಲಿ ಅವರು ಪ್ರಯೋಗಶಾಲೆಯಲ್ಲಿಯೇ ಹಿಮದ ಹರಳನ್ನು ಬೆಳೆಸಿದರು. ಹಾಗಾದರೆ ವಕ್ರವಾದ ಹರಳೂ ತಾನು ಹಾದುಬಂದ ದಾರಿಯ ಗುರುತನ್ನು ಹೊತ್ತಿದೆಯಷ್ಟೆ! ಕುಂದಿಲ್ಲದ್ದನ್ನು ಮಾತ್ರ ಚೆಲುವೆನ್ನುವ ಕಣ್ಣು ಇನ್ನೂ ಅರ್ಧ ತೆರೆದ ಕಣ್ಣೇ ಸರಿ. ತರಗತಿಯ ಮಕ್ಕಳನ್ನು ನೋಡುವಾಗಲೂ ಉಪಾಧ್ಯಾಯಿನಿಯರಾದ ನಾವು ಇದನ್ನು ನೆನಪಿಡಬೇಕು.

ಈಗ ಮೊಬೈಲಿನಲ್ಲಿಯೇ ಕೆಮರಾ ಇದೆ. ಒಂದು ನಿಮಿಷದಲ್ಲಿ ಐವತ್ತು ಚಿತ್ರಗಳನ್ನು ತೆಗೆಯಬಹುದು. ಸಲಕರಣೆಯ ಅಭಾವ ಬಹುಮಟ್ಟಿಗೆ ನೀಗಿತು. ತಾಳ್ಮೆಯ ಅಭಾವ ಹೆಚ್ಚಿತು. ನೋಡದೆ ತೆಗೆದ ಐವತ್ತು ಚಿತ್ರಗಳಿಗಿಂತ ನೋಡಿ ತೆಗೆದ ಒಂದೇ ಲೇಸು.

ನಮ್ಮ ನಾಡಿನ ಬಯಲಿನಲ್ಲಿ ಹಿಮದ ಹರಳು ಬೀಳದು, ನಿಜ. ಆದರೆ ಬೆಂಟ್ಲಿಯು ಇಬ್ಬನಿಯ ಚಿತ್ರಗಳನ್ನೂ ತೆಗೆದನು. ಆ ಇಬ್ಬನಿಯು ನಮಗೆ ಧಾರಾಳವಾಗಿ ದೊರೆತಿದೆ. ಪ್ರಿಯ ವಿದ್ಯಾರ್ಥಿನಿಯರೇ, ಪುಷ್ಯಮಾಸದ ಬೆಳಗಿನಲ್ಲಿ ಬಿಸಿಲೇರುವ ಮುಂಚೆ ಹೊರಗೆ ಬನ್ನಿರಿ. ಬೇಲಿಯ ಜೇಡರಬಲೆ, ರಾಗಿಯ ಮೆದೆ, ಹುಲ್ಲಿನ ಒಂದು ಗರಿ, ಇವುಗಳಲ್ಲೊಂದನ್ನು ಆರಿಸಿಕೊಂಡು ಮೊದಲು ಐದು ನಿಮಿಷ ಸುಮ್ಮನೆ ನೋಡಿರಿ. ಚಿತ್ರವನ್ನು ಬಳಿಕ ತೆಗೆಯಿರಿ. ಚಿತ್ರವು ಕೆಟ್ಟರೂ ಚಿಂತೆಯಿಲ್ಲ. ಆ ಐದು ನಿಮಿಷದ ನೋಟವು ನಿಮ್ಮದಾಗಿ ಉಳಿಯುವುದು.